‘ಶೇಕ್ಸ್’ ಎಂದರೇನು?

ಪ್ರಶ್ನೆ: ಇಂಗ್ಲಿಷ್ ಕಾದಂಬರಿಗಳಲ್ಲಿ ‘ದ ಶೇಕ್ಸ್’ ಎಂಬ ಮಾತು ಆಗಾಗ ಬರುತ್ತದೆ. ಏನದು?

ಉತ್ತರ: ಮೈಯೋ ಕೈಯೋ ಹಿಡಿತ ತಪ್ಪಿ ನಡುಗುವುದಕ್ಕೆ ಇಂಗ್ಲಿಷಿನ ಆಡುಮಾತು ಇದು. ಈ ಅರ್ಥದಲ್ಲಿ ಸಾಮಾನ್ಯವಾಗಿ ‘ದ’ ಸೇರಿಸಿ, ಬಹುವಚನದಲ್ಲಿ ಬಳಸುತ್ತಾರೆ. ‘ಹಿ ಹ್ಯಾಸ್ ದ ಶೇಕ್ಸ್’ ಎಂದರೆ ಅವನಿಗೆ ನಡುಕ ಹತ್ತಿದೆ. ಚಳಿಜ್ವರಕ್ಕೂ ಸಲ್ಲುತ್ತದೆ, ಹೆದರಿಕೆಗೂ ಸಲ್ಲುತ್ತದೆ. ವೈದ್ಯಕೀಯ ಬರಹದಲ್ಲಾದರೆ ‘ಟ್ರೆಮರ್’ ಎನ್ನಬೇಕು. ‘ನೋ ಗ್ರೇಟ್ ಶೇಕ್ಸ್’ ಎಂದು ಕಂಡರೆ ಮಾತ್ರ ಮೋಸಹೋಗಬೇಡಿ. ಹೇಳಿಕೊಳ್ಳುವಂಥದ್ದೇನಲ್ಲ ಎಂದಷ್ಟೇ ಅದರ ಅರ್ಥ.

ಕಾದಂಬರಿಗಳಲ್ಲಿ ಹೆಚ್ಚಾಗಿ ಸಿಗುವುದು ಕುಡಿತಕ್ಕೆ ಬಿದ್ದವರ ಬೆಳಗಿನ ನಡುಕ. ಕೊನೆಯ ಗುಟುಕಿನ ಆರೆಂಟು ಗಂಟೆಗಳಲ್ಲೇ ಅದು ಶುರುವಾಗಬಹುದು. ಲೋಟ ತುಟಿಗೆ ತಲುಪುವಷ್ಟರಲ್ಲಿ ಚಹಾ ಅಂಗಿಯ ಮೇಲೆ ಚೆಲ್ಲಿರುತ್ತದೆ. ಮದ್ಯದ ಮಂಕಿಗೆ ಒಗ್ಗಿಹೋದ ಮಿದುಳು, ಅದು ದಿಢೀರನೆ ತಪ್ಪಿದಾಗ ವಿಪರೀತ ಕೆರಳುತ್ತದೆ. ಇಚ್ಛಾಶಕ್ತಿಯ ಕೊರತೆ ಇದಲ್ಲ. ಕೆಲವರಲ್ಲಿ 48ರಿಂದ 96 ಗಂಟೆಗಳೊಳಗೆ ಇದು ಸನ್ನಿಗೆ ತಿರುಗಿ ಜೀವಕ್ಕೇ ಕುತ್ತಾಗುತ್ತದೆ. ಮನೆಯಲ್ಲಿ ನಿತ್ಯ ಕುಡಿಯುವವರಿದ್ದರೆ ದಯವಿಟ್ಟು ಒಮ್ಮೆಗೇ ಬಿಡಿಸಲು ಹೋಗಬೇಡಿ, ವೈದ್ಯರ ನಿಗಾದಲ್ಲೇ ಬಿಡಿಸಿ.