ವೇಷವಿಲ್ಲದ ಪಾತ್ರ: ಚಾಟ್‌ರೂಮಿನ ಆಟಕ್ಕೆ ತಾಳಮದ್ದಳೆಯ ಪಾಠ

ಶಿರಸಿ: ಅಂತರ್ಜಾಲದ ಚಾಟ್‌ರೂಮಿನಲ್ಲಿ ಕುಳಿತು, ಕೇವಲ ಬರಹದ ಮೂಲಕ ಒಂದು ಪಾತ್ರವಾಗಿ ಮಾತನಾಡುವ ಆಟಕ್ಕೆ ‘ರೋಲ್ ಪ್ಲೇಯಿಂಗ್ ಗೇಮ್’ ಎಂದು ಹೆಸರು. ಇದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಶತ್ರುವನ್ನು ಕೆಡವಲು ಒತ್ತುವ ಗುಂಡಿಯೂ ಇಲ್ಲ. ಒಬ್ಬರು ಅರಸನಾಗಿ ಬರೆಯುತ್ತಾರೆ, ಇನ್ನೊಬ್ಬರು ಬೇಹುಗಾರನಾಗಿ ಉತ್ತರಿಸುತ್ತಾರೆ, ಮೂರನೆಯವರು ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ಆಟವಾಡಲು ಹೊಸದಾಗಿ ಬಂದವರನ್ನು ಕಾಡುವ ಪ್ರಶ್ನೆ ಒಂದೇ: ಏನು ಬರೆಯಬೇಕು, ಎಷ್ಟು ಬರೆಯಬೇಕು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಇಲ್ಲಿನ ಮನೆಯ ಜಗಲಿಗಳಲ್ಲಿ, ದೇವಸ್ಥಾನಗಳಲ್ಲಿ ನಡೆದುಬಂದಿರುವ ತಾಳಮದ್ದಳೆ ಮಾಡುವುದೂ ಇದೇ ಕೆಲಸವನ್ನು. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ, ಶಲ್ಯ ತೊಟ್ಟು ಚಾಪೆಯ ಮೇಲೆ ಕುಳಿತವರು ಮಾತಿನಿಂದಲೇ ರಾವಣನಾಗುತ್ತಾರೆ, ಕರ್ಣನಾಗುತ್ತಾರೆ.

ಎರಡರ ವಯಸ್ಸಿನ ಅಂತರ ಮಾತ್ರ ದೊಡ್ಡದು. ಬಳ್ಳಾರಿ ಸೀಮೆಯ ಸೋಮಸಮುದ್ರದ 1556ರ ಶಾಸನವೊಂದರಲ್ಲಿ ತಾಳಮದ್ದಳೆಯ ಉಲ್ಲೇಖವಿದೆ. ಬರಹದ ಆಟದ ಚರಿತ್ರೆಗೆ ಇನ್ನೂ ಐವತ್ತು ವರ್ಷವೇ ಆಸುಪಾಸು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಅದು ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಬಾಯಿಮಾತಿನಲ್ಲಿ ಆಡುವಂಥದು. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ, ಸಹಪಾಠಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಹಲವರು ಬೇರೆ ಬೇರೆ ಗಣಕಯಂತ್ರಗಳಿಂದ ಒಂದೇ ಕಾಲ್ಪನಿಕ ಲೋಕವನ್ನು ಹೊಕ್ಕು ಬರಹದಲ್ಲಿ ವ್ಯವಹರಿಸಬಹುದಿತ್ತು. ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ 1988ರಲ್ಲಿ ರೂಪಿಸಿದ ‘ಐಆರ್‌ಸಿ’ ಬಂದ ಬಳಿಕ ಚಾಟ್‌ರೂಮುಗಳೇ ರಂಗಸ್ಥಳಗಳಾದವು. ನಮ್ಮ ಸೈಬರ್ ಕೆಫೆಗಳ ಕಾಲದಲ್ಲಿ ಮನೆಮಾತಾಗಿದ್ದ ಯಾಹೂ ಚಾಟ್‌ರೂಮುಗಳು 2012ರಲ್ಲಿ ಮುಚ್ಚಿದವು. ಐಆರ್‌ಸಿ ಇನ್ನೂ ಉಸಿರಾಡುತ್ತಿದೆ. ಹೊಸಬರಲ್ಲಿ ಬಹುಮಂದಿ ಈಗ 2015ರಲ್ಲಿ ಬಂದ ‘ಡಿಸ್ಕಾರ್ಡ್’ನಲ್ಲಿ ಸೇರುತ್ತಾರೆ.

ಕೂಟದ ಕಟ್ಟಳೆ

ತಾಳಮದ್ದಳೆಯ ಕೂಟವನ್ನು ಒಮ್ಮೆ ಗಮನವಿಟ್ಟು ಕೇಳಿದರೆ ಚಾಟ್‌ರೂಮಿನ ನಿಯಮಗಳನ್ನು ಬೇರೆಯಾಗಿ ಓದುವ ಶ್ರಮ ಅರ್ಧ ಉಳಿಯುತ್ತದೆ. ಕೂಟದ ಕೇಂದ್ರ ಭಾಗವತರು. ಅವರ ಕೈಯಲ್ಲಿ ಪ್ರಸಂಗವಿದೆ, ಅಂದರೆ ಕಥೆಯನ್ನು ಹಾಡುಗಳಲ್ಲಿ ಕಟ್ಟಿದ ಪುಸ್ತಕ. ಮದ್ದಳೆ, ಚೆಂಡೆಗಳ ಜೊತೆಯಲ್ಲಿ ಅವರು ಒಂದು ಪದ್ಯ ಹಾಡುತ್ತಾರೆ. ಆ ಪಾತ್ರದ ಅರ್ಥಧಾರಿ ಪದ್ಯದ ಭಾವವನ್ನು ತನ್ನದೇ ಮಾತುಗಳಲ್ಲಿ ವಿಸ್ತರಿಸುತ್ತಾನೆ. ಎದುರು ಕುಳಿತವನು ಉತ್ತರಿಸುತ್ತಾನೆ. ಈ ಮಾತುಗಳನ್ನು ಯಾರೂ ಬರೆದುಕೊಟ್ಟಿರುವುದಿಲ್ಲ; ಎದುರಿನವನು ಏನು ಕೇಳಿಯಾನೆಂಬುದು ಮೊದಲೇ ಗೊತ್ತಿರುವುದೂ ಇಲ್ಲ. ಮುಂದಿನ ಪದ್ಯ ಬರಬೇಕಾದಾಗ ಅರ್ಥಧಾರಿ ತನ್ನ ಮಾತನ್ನು ಅದರ ಹೊಸ್ತಿಲಿಗೆ ತಂದು ನಿಲ್ಲಿಸಬೇಕು. ಇದಕ್ಕೆ ‘ಎತ್ತುಗಡೆ’ ಎನ್ನುತ್ತಾರೆ. ಎಷ್ಟೇ ಪಾಂಡಿತ್ಯವಿದ್ದರೂ ಎತ್ತುಗಡೆ ಕೊಡಲು ಬಾರದವನೊಡನೆ ಭಾಗವತರಿಗೆ ಫಜೀತಿಯೇ.

ಇದರ ಸೊಗಸು ಕಾಣಬೇಕಾದರೆ ವಾಲಿಯ ಕಥೆಯನ್ನು ನೋಡಬೇಕು. ಮರೆಯಲ್ಲಿ ನಿಂತ ರಾಮನ ಬಾಣ ತಗುಲಿ ವಾಲಿ ಬಿದ್ದಿದ್ದಾನೆ. ಅವನು ಸಾಯುವುದು ಖಚಿತ. ಪ್ರಸಂಗವನ್ನು ಯಾರೂ ಬದಲಿಸುವಂತಿಲ್ಲ. ಆದರೆ ಸಾಯುವ ಮುನ್ನ ರಾಮನಿಗೆ ಯಾವ ಪ್ರಶ್ನೆ ಹಾಕಬೇಕು, ಅದಕ್ಕೆ ರಾಮ ಯಾವ ಧರ್ಮವನ್ನು ಆಧಾರವಾಗಿ ತರಬೇಕು ಎಂಬುದು ಪೂರ್ತಿ ಆ ಇಬ್ಬರಿಗೆ ಬಿಟ್ಟದ್ದು. ಯುದ್ಧದಲ್ಲಿ ಸೋತ ವಾಲಿ ಮಾತಿನಲ್ಲಿ ಗೆದ್ದ ರಾತ್ರಿಗಳುಂಟು. ‘ಕೃಷ್ಣ ಸಂಧಾನ’ದ ಕೌರವನೂ ಹಾಗೆಯೇ. ಕೃಷ್ಣನ ವಾದ ಎಷ್ಟೇ ಬಲವಾಗಿದ್ದರೂ ‘ಆಗಲಿ, ಐದು ಗ್ರಾಮ ತೆಗೆದುಕೋ’ ಎಂದು ಒಪ್ಪಿಬಿಟ್ಟರೆ ಅಲ್ಲಿಗೆ ಭಾರತವೇ ಮುಗಿಯಿತು. ಒಪ್ಪದಿರುವುದಕ್ಕೆ ಕೇಳುವವರು ತಲೆದೂಗುವಂಥ ಕಾರಣ ಹುಡುಕುವುದೇ ಅವನ ಕಷ್ಟ, ಅವನ ಸುಖ.

ಈ ಕಲೆಯಲ್ಲಿ ಹೆಸರಾದವರ ಪರಂಪರೆ ದೊಡ್ಡದು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಪ್ರತಿನಾಯಕನ ಪಾತ್ರಗಳಿಗೆ ತಂದುಕೊಟ್ಟ ತರ್ಕಬದ್ಧತೆಯನ್ನು ಕರಾವಳಿಯವರಷ್ಟೇ ಘಟ್ಟದ ಮೇಲಿನವರೂ ನೆನೆಯುತ್ತಾರೆ. ಈ ಭಾಗದವರೇ ಆದ ಕೆರೇಕೈ ಉಮಾಕಾಂತ ಭಟ್ಟರು ಸಂಸ್ಕೃತ ವಿದ್ವಾಂಸರೂ ಹೌದು, ಅರ್ಥಧಾರಿಗಳೂ ಹೌದು. ಶಾಸ್ತ್ರದ ಓದು ಪಾತ್ರದ ಬಾಯಲ್ಲಿ ಹೇಗೆ ಕರಗಬೇಕು ಎಂಬುದನ್ನು ಅವರ ಮಾತಿನಲ್ಲಿ ಕೇಳಿ ತಿಳಿಯಬಹುದು. ಹಾಗೆಂದು ಹೊಸಬನೊಬ್ಬ ಮೊದಲ ದಿನವೇ ಕೃಷ್ಣನ ಅರ್ಥ ಹೇಳಹೊರಡುವುದಿಲ್ಲ. ದೂತನೋ ಸಖಿಯೋ ಆಗಿ ನಾಲ್ಕು ಮಾತಾಡಿ, ಉಳಿದ ಹೊತ್ತು ಕೇಳುತ್ತ ಕೂರುತ್ತಾನೆ.

ಸುಂಕದ ಕಟ್ಟೆಯಲ್ಲೊಂದು ಆಟ

ಚಾಟ್‌ರೂಮಿನಲ್ಲಿ ಭಾಗವತರ ಸ್ಥಾನದಲ್ಲಿರುವವರು ‘ಗೇಮ್ ಮಾಸ್ಟರ್’. ಸನ್ನಿವೇಶವನ್ನು ವರ್ಣಿಸುವವರು, ಸರದಿ ಕೊಡುವವರು, ಜಗಳ ಬಿಡಿಸುವವರು ಅವರೇ. ಫಲಿತಾಂಶವನ್ನು ಕೆಲವೆಡೆ ದಾಳ ನಿರ್ಧರಿಸುತ್ತದೆ, ಕೆಲವೆಡೆ ಅವರ ತೀರ್ಪು. ಪ್ರಸಂಗದಂತೆ ಕೊನೆ ಮೊದಲೇ ಗೊತ್ತಾಗಿರುವುದಿಲ್ಲ ಎಂಬುದು ಮುಖ್ಯ ವ್ಯತ್ಯಾಸ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸೋದೆ ಅರಸರ ಕಾಲ. ಘಟ್ಟ ಇಳಿಯುವ ದಾರಿಯಲ್ಲಿ ಸುಂಕದ ಕಟ್ಟೆ. ನೀವು ಸುಂಕ ತಪ್ಪಿಸಿ ಕಾಳುಮೆಣಸು ಸಾಗಿಸುವ ವ್ಯಾಪಾರಿ. ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತ ಇನ್ನೊಬ್ಬರು ಸುಂಕದ ಅಧಿಕಾರಿ. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ನಾನು ಅಧಿಕಾರಿಯ ಕಣ್ಣಿಗೆ ಮಣ್ಣೆರಚಿ ದಾಟಿಹೋದೆ. ಅವನಿಗೆ ತಿಳಿಯಲೇ ಇಲ್ಲ.’ ಇದು ಆಟವಲ್ಲ. ತಿಳಿಯಿತೋ ಇಲ್ಲವೋ ಹೇಳಬೇಕಾದವರು ಅಧಿಕಾರಿಯ ಪಾತ್ರದವರು. ಎದುರಿನವರ ಪಾತ್ರವನ್ನು ತಾನೇ ನಡೆಸುವ ಈ ಚಾಳಿಗೆ ಆಟಗಾರರು ‘ಗಾಡ್‌ಮೋಡಿಂಗ್’ ಎನ್ನುತ್ತಾರೆ. ಅದರ ಬದಲು, ‘ಮೂಟೆಗಳ ಮೇಲೆ ಒಣಹುಲ್ಲು ಹರವಿ ಎತ್ತಿನ ಹಗ್ಗ ಹಿಡಿದು ನಿಂತೆ. ಒಡೆಯಾ, ದನಕ್ಕೆ ಮೇವು ಒಯ್ಯುತ್ತಿದ್ದೇನೆ, ಬೇರೇನಿಲ್ಲ’ ಎಂದು ಬರೆದು ನಿಲ್ಲಿಸಬೇಕು. ಈಗ ಅಧಿಕಾರಿ ಹುಲ್ಲು ಸರಿಸಿ ನೋಡಬಹುದು, ಲಂಚ ಕೇಳಬಹುದು, ಮೆಣಸಿನ ಘಾಟಿಗೆ ಸೀನಲೂಬಹುದು. ಎತ್ತುಗಡೆ ಎಂದರೆ ಇಷ್ಟೇ.

ಪಾತ್ರವನ್ನು ಕಟ್ಟಿಕೊಳ್ಳಲು ಹತ್ತು ಪುಟದ ಪೂರ್ವಕಥೆ ಬೇಡ. ಹೆಸರು, ಊರು, ಕಸುಬು, ಅವನಿಗೆ ಬೇಕಾದದ್ದೊಂದು, ಅವನು ಹೆದರುವುದೊಂದು ಸಾಕು. ಉಳಿದದ್ದು ಮಾತಿನಲ್ಲಿ ಬೆಳೆಯುತ್ತದೆ. ಕ್ರಿಯೆಯನ್ನು ಎರಡು ನಕ್ಷತ್ರ ಚಿಹ್ನೆಗಳ ನಡುವೆ, ಪಾತ್ರದಿಂದ ಹೊರಬಂದು ಹೇಳುವ ಮಾತನ್ನು ಜೋಡಿ ಆವರಣದೊಳಗೆ ಬರೆಯುವುದು ಅನೇಕ ಕಡೆ ರೂಢಿ. ‘ಊಟಕ್ಕೆ ಕರೆಯುತ್ತಿದ್ದಾರೆ, ಹತ್ತು ನಿಮಿಷದಲ್ಲಿ ಬರುತ್ತೇನೆ’ ಎಂಬುದು ಜೋಡಿ ಆವರಣದ ಮಾತು. ಯಾವುದೇ ಚಾಟ್‌ರೂಮಿಗೆ ಸೇರಿದ ಕೂಡಲೇ ಬರೆಯತೊಡಗದೆ, ಅಲ್ಲಿನ ನಿಯಮ ಓದಿ, ಒಂದೆರಡು ದಿನ ಉಳಿದವರ ಆಟ ನೋಡುವುದು ಲೇಸು.

ಇಂಥ ಆಟಗಳು ಹೆಚ್ಚಾಗಿ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಆಡಲು ತಾಂತ್ರಿಕ ಅಡ್ಡಿಯೇನೂ ಈಗಿಲ್ಲ. ಯೂನಿಕೋಡ್ ಕನ್ನಡವನ್ನು ಮೊಬೈಲಿನಲ್ಲೇ ಟೈಪಿಸಬಹುದು. ಒಂದು ಸಣ್ಣ ತೊಡಕು ಮಾತ್ರ ಐಆರ್‌ಸಿಯಲ್ಲಿದೆ. ಅಲ್ಲಿ ಒಂದು ಸಂದೇಶಕ್ಕೆ, ಕೊಠಡಿಯ ಹೆಸರು ಇತ್ಯಾದಿಗಳೂ ಸೇರಿ, 512 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ‘ಕ್ಷ’ ಎಂಬ ಒಂದಕ್ಷರವೇ ಒಂಬತ್ತು ಬೈಟ್ ನುಂಗುತ್ತದೆ. ಕೌರವನ ಛಲದ ಮಾತು ನಡುವೆಯೇ ತುಂಡಾದರೆ ದೋಷ ಅವನದಲ್ಲ. ಡಿಸ್ಕಾರ್ಡ್‌ನಲ್ಲಿ ಉಚಿತ ಖಾತೆಗೂ ಒಂದು ಸಂದೇಶಕ್ಕೆ ಎರಡು ಸಾವಿರ ಚಿಹ್ನೆಗಳಷ್ಟು ಅವಕಾಶವಿದೆ. ವಿದ್ಯುತ್ ಹೋದೊಡನೆ ಮೊಬೈಲ್ ಸಿಗ್ನಲ್ಲೂ ಕೈಕೊಡುವ ಮಲೆನಾಡಿನ ಮೂಲೆಗಳಲ್ಲಿ ಚಿತ್ರದ ಆಟಗಳಿಗಿಂತ ಬರಹದ ಆಟವೇ ಹೆಚ್ಚು ಹೊಂದುತ್ತದೆ. ಇದಕ್ಕೆ ಬೇಕಾದ ಡೇಟಾ ಅತ್ಯಲ್ಪ, ಸಂಪರ್ಕ ಮರಳಿದ ಮೇಲೆ ಬಿಟ್ಟಲ್ಲಿಂದ ಓದಿ ಮುಂದುವರಿಸಲೂಬಹುದು.

ಮುಖ ಕಾಣದ ಎದುರಾಳಿ

ಹೋಲಿಕೆ ಮುರಿಯುವ ಜಾಗವೂ ಒಂದಿದೆ, ಅದೇ ಎಲ್ಲಕ್ಕಿಂತ ಮುಖ್ಯ. ಜಗಲಿಯ ಕೂಟದಲ್ಲಿ ರಾವಣನಾಗಿ ಗರ್ಜಿಸಿದವರು ಶಾಲೆಯ ಮೇಷ್ಟ್ರೆಂಬುದು, ಸೀತೆಯ ಅರ್ಥ ಹೇಳಿದವರು ಅಡಿಕೆ ತೋಟದ ಯಜಮಾನರೆಂಬುದು ನೆರೆದವರಿಗೆಲ್ಲ ಗೊತ್ತು. ವೇಷವಿಲ್ಲ, ಆದರೆ ಮುಖವಿದೆ. ಆದ್ದರಿಂದಲೇ ಪಾತ್ರದ ನೆಪದಲ್ಲಿ ಯಾರಾದರೂ ವೈಯಕ್ತಿಕವಾಗಿ ಚುಚ್ಚಿದರೆ ಸಭೆ ಅದನ್ನು ಗುರುತಿಸುತ್ತದೆ. ಹಾಗೆ ಚುಚ್ಚಿದ ಮಾತು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದದ್ದೂ ಕೂಟಗಳ ಲೋಕದಲ್ಲಿ ಇಲ್ಲದಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಸಭಿಕರಿಲ್ಲದೆ ನಡೆದು ಅಂತರ್ಜಾಲದಲ್ಲಿ ಪ್ರಸಾರವಾದ ಕೂಟಗಳಲ್ಲೂ ಮುಖ ಕಾಣುತ್ತಿತ್ತು.

ಚಾಟ್‌ರೂಮಿನಲ್ಲಿ ಕಾಣುವುದು ಪಾತ್ರ ಮಾತ್ರ. ಹದಿನಾರರ ಹುಡುಗಿಯೆಂದು ಬರೆಯುವವರು ನಲವತ್ತರ ಗಂಡಸಾಗಿರಬಹುದು. ಗಂಡಸು ದ್ರೌಪದಿಯಾಗುವುದು ನಮಗೇನೂ ಹೊಸದಲ್ಲ. ತೊಂದರೆ ಶುರುವಾಗುವುದು ಆಟ ಮುಗಿದ ಮೇಲೂ ಆತ ಆ ಮುಖವಾಡ ತೆಗೆಯದಿದ್ದಾಗ. ನಿಜವಾದ ಹೆಸರು, ಶಾಲೆ, ದೂರವಾಣಿ ಸಂಖ್ಯೆ, ಭಾವಚಿತ್ರ ಕೇಳುವ ಎದುರಾಳಿ, ಎಲ್ಲರ ನಡುವೆ ಆಡುವುದು ಬಿಟ್ಟು ಖಾಸಗಿ ಸಂದೇಶಕ್ಕೆ ಕರೆಯುವ ಅಪರಿಚಿತ, ಕಥೆಯನ್ನು ಪದೇ ಪದೇ ಅಶ್ಲೀಲದತ್ತ ಎಳೆಯುವವನು ಕಂಡರೆ ಗೇಮ್ ಮಾಸ್ಟರ್‌ಗೆ ತಿಳಿಸಿ ಹೊರನಡೆಯಬೇಕು. ಡಿಸ್ಕಾರ್ಡ್ ಬಳಸಲು ಕನಿಷ್ಠ 13 ವರ್ಷ ತುಂಬಿರಬೇಕೆಂಬ ನಿಯಮವಿದೆ; ಮಕ್ಕಳು ಗೊತ್ತಿರುವ ಗೆಳೆಯರೊಡನೆ ಮಾತ್ರ ಆಡುವುದು ಕ್ಷೇಮ. ಬೆದರಿಕೆ ಅಥವಾ ಹಣದ ಬೇಡಿಕೆ ಬಂದರೆ ಸಂದೇಶಗಳನ್ನು ಅಳಿಸದೆ ಸೈಬರ್ ಸಹಾಯವಾಣಿ 1930ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಕರೆ ಮಾಡಬಹುದು.

ಮೊದಲ ಆಟಕ್ಕೆ ಪರಿಚಿತರೇ ನಾಲ್ವರು, ಒಂದು ಗಂಟೆ, ಒಂದೇ ಸನ್ನಿವೇಶ ಸಾಕು. ನಾಲ್ವರಲ್ಲಿ ಒಬ್ಬರು ಭಾಗವತರಾಗಲಿ. ಕೂಟದಲ್ಲಿ ಮಂಗಳದ ಪದ್ಯ ಮುಗಿದೊಡನೆ ರಾಮನೂ ವಾಲಿಯೂ ಒಂದೇ ತಟ್ಟೆಯಿಂದ ಕವಳ ಹಾಕುತ್ತಾರೆ. ಚಾಟ್‌ರೂಮಿನಲ್ಲಿ ಎಲೆ ಅಡಿಕೆಯ ತಟ್ಟೆಯಿಲ್ಲವಾದ್ದರಿಂದ, ಆಟ ನಿಂತ ಮೇಲೆ ಹತ್ತು ನಿಮಿಷ ಜೋಡಿ ಆವರಣವನ್ನೂ ಬಿಟ್ಟು ಸ್ವಂತ ಹೆಸರಿನಲ್ಲಿ ಹರಟುವ ಪದ್ಧತಿಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬಹುದು.