ಹಸುಗೂಸಿನ ಹಗಲುನಿದ್ದೆ

"ಕೂಸು ಹಗಲೆಲ್ಲ ಮಲಗತೈತ್ರಿ, ರಾತ್ರಿ ನಮ್ಮನ್ನ ಮಲಗಗೊಡೂದಿಲ್ರಿ." ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ತಾಯಂದಿರಿಂದ ನಾವು ಮೂರೂವರೆ ದಶಕಗಳಿಂದ ಕೇಳುತ್ತ ಬಂದ ಮಾತಿದು. ಇದರ ಬೆನ್ನಿಗೇ ಇನ್ನೊಂದು ದೂರು ಬರುತ್ತದೆ: ಕೂಸು ಹಗಲು ಸ್ವಲ್ಪವೂ ಮಲಗುವುದಿಲ್ಲ, ಮಗ್ಗದ ಮುಂದೆ ಕೂಡಲು ಬಿಡುವುದಿಲ್ಲ. ಎರಡಕ್ಕೂ ಮೂಲ ಒಂದೇ. ಮಗುವಿನ ನಿದ್ದೆ ಮತ್ತು ಎಚ್ಚರಗಳ ಕ್ರಮವನ್ನು ನಾವು ಅರಿಯದೆ, ನಮ್ಮ ಕೆಲಸದ ಕ್ರಮಕ್ಕೆ ಅದನ್ನು ಬಗ್ಗಿಸಹೋಗುತ್ತೇವೆ.

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಚರಕಾಚಾರ್ಯರು ಶರೀರದ ಉಪಸ್ತಂಭಗಳೆಂದು ಕರೆದಿದ್ದಾರೆ. ಬೇಸಿಗೆಯ ಹೊರತು ಉಳಿದ ಋತುಗಳಲ್ಲಿ ಹಗಲುನಿದ್ದೆ ಕಫ ಪಿತ್ತಗಳನ್ನು ಕೆರಳಿಸುತ್ತದೆ ಎಂಬುದು ಅವರ ಮತ. ಆದರೆ ಅದೇ ಪ್ರಕರಣದಲ್ಲಿ ಹಗಲು ಮಲಗಬಹುದಾದವರ ಪಟ್ಟಿಯನ್ನೂ ಕೊಟ್ಟಿದ್ದಾರೆ. ವೃದ್ಧರೊಂದಿಗೆ ಬಾಲಕರೂ ಅದರಲ್ಲಿದ್ದಾರೆ. ಆದ್ದರಿಂದ "ಹಗಲು ಮಲಗಿದರೆ ಕೂಸು ಜಡವಾಗುತ್ತದೆ" ಎಂದು ಹಿರಿಯರು ಅದನ್ನು ಎಬ್ಬಿಸಿ ಕೂಡಿಸುವುದು ಸರಿಯಲ್ಲ. ಮಲಗಿದ ಮಗುವನ್ನು ಥಟ್ಟನೆ ಎಬ್ಬಿಸಬಾರದು, ಅದು ಬೆದರುತ್ತದೆ ಎಂದು ಸುಶ್ರುತಾಚಾರ್ಯರೂ ಎಚ್ಚರಿಸಿದ್ದಾರೆ.

ಎಷ್ಟು ನಿದ್ದೆ, ಎಷ್ಟು ಎಚ್ಚರ?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸೂಚನೆಯಂತೆ ಹಗಲು ರಾತ್ರಿ ಸೇರಿ 3 ತಿಂಗಳವರೆಗಿನ ಕೂಸಿಗೆ 14ರಿಂದ 17 ಗಂಟೆ, 4ರಿಂದ 11 ತಿಂಗಳಿನ ಮಗುವಿಗೆ 12ರಿಂದ 16 ಗಂಟೆ, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಎಳೆಗೂಸು ಒಮ್ಮೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಮಾತ್ರ ಎಚ್ಚರವನ್ನು ತಾಳಬಲ್ಲದು. ಈ ಅವಧಿ ಮೂರು ನಾಲ್ಕು ತಿಂಗಳಿಗೆ ಒಂದೂವರೆಯಿಂದ ಎರಡು ಗಂಟೆಗೆ, ಆರೇಳು ತಿಂಗಳಿಗೆ ಎರಡರಿಂದ ಮೂರು ಗಂಟೆಗೆ, ವರ್ಷ ತುಂಬುವ ಹೊತ್ತಿಗೆ ಮೂರರಿಂದ ನಾಲ್ಕು ಗಂಟೆಗೆ ಬೆಳೆಯುತ್ತದೆ. ಅದಕ್ಕೆ ತಕ್ಕಂತೆ ಹಗಲುನಿದ್ದೆಯ ಸರದಿಗಳು ಆರನೆಯ ತಿಂಗಳಿನ ಸುಮಾರಿಗೆ ಮೂರಕ್ಕೆ, ಒಂಬತ್ತನೆಯ ತಿಂಗಳಿಗೆ ಎರಡಕ್ಕೆ, ಒಂದೂವರೆ ವರ್ಷದ ಒಳಗೆ ಒಂದಕ್ಕೆ ಇಳಿಯುತ್ತವೆ. ಇವು ಅಂದಾಜುಗಳು; ಮಗುವಿನಿಂದ ಮಗುವಿಗೆ ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಗಡಿಯಾರಕ್ಕಿಂತ ಮಗುವಿನ ಮುಖವನ್ನು ನೋಡುವುದು ಮೇಲು. ಆಟದಿಂದ ಮುಖ ತಿರುಗಿಸುವುದು, ಒಂದೇ ಕಡೆ ನೋಡುತ್ತ ಮಂಕಾಗುವುದು, ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ಆಕಳಿಸುವುದು ನಿದ್ದೆ ಬಂದ ಚಿಹ್ನೆಗಳು. ಆಗಲೇ ಮಲಗಿಸಬೇಕು. ಆ ಹೊತ್ತು ಮೀರಿದರೆ ದಣಿದ ಕೂಸು ಬೆನ್ನು ಸೆಟೆಸಿ ಅಳತೊಡಗುತ್ತದೆ. ದಣಿವು ಹೆಚ್ಚಿದಷ್ಟೂ ನಿದ್ದೆ ಬೇಗ ಬರುತ್ತದೆಂಬುದು ದೊಡ್ಡವರ ಅನುಭವವಾಗಿರಬಹುದು. ಕೂಸಿಗೆ ಅದು ಹೊಂದುವುದಿಲ್ಲ.

ಹಗಲು ಹಗಲಾಗಿರಲಿ

ಹುಟ್ಟಿದ ಕೂಸಿಗೆ ಹಗಲು ರಾತ್ರಿಗಳ ಭೇದ ತಿಳಿಯದು. ಎರಡರಿಂದ ನಾಲ್ಕು ತಿಂಗಳಲ್ಲಿ ಅದು ಮೆಲ್ಲನೆ ಮೂಡುತ್ತದೆ. ನಮ್ಮಲ್ಲಿ ಬಾಣಂತಿಯ ಕೋಣೆಯನ್ನು ಮುಚ್ಚಿ ಹಗಲನ್ನೂ ಕತ್ತಲು ಮಾಡುವ ರೂಢಿಯಿದೆ. ಗಾಳಿ ಬೆಳಕು ಬಾರದ ಕೋಣೆಯಲ್ಲಿ ಕೂಸು ಹಗಲನ್ನು ಕಲಿಯುವುದಾದರೂ ಹೇಗೆ? ಮುಂಜಾನೆ ಕಿಟಕಿ ತೆರೆಯಿರಿ. ಎಣ್ಣೆ ಹಚ್ಚಿ ಎರೆಯುವುದು, ಮಾತಾಡಿಸುವುದು, ನಿಮ್ಮ ಕಣ್ಣೆದುರಿನಲ್ಲಿ ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸುವುದು ಎಲ್ಲವೂ ಹಗಲಿನಲ್ಲಿ ನಡೆಯಲಿ. ರಾತ್ರಿ ಹಾಲೂಡಿಸುವಾಗ ದೀಪ ಮಂದವಾಗಿರಲಿ, ಮಾತು ಕಡಿಮೆಯಿರಲಿ. ಆರು ತಿಂಗಳು ದಾಟಿದ ಮಗು ಸಂಜೆ ಐದರ ನಂತರವೂ ಬಹಳ ಹೊತ್ತು ಮಲಗುತ್ತಿದ್ದರೆ ಆ ನಿದ್ದೆಯನ್ನು ಮೆಲ್ಲನೆ ಹಿಂದಕ್ಕೆ ಸರಿಸಬಹುದು. ಎರೆದ ಮೇಲೆ ಲೋಬಾನದ ಹೊಗೆ ಹಾಕುವುದು ಬೇಡ. ಎಳೆಯ ಶ್ವಾಸಕೋಶ ಅದನ್ನು ತಾಳದು.

ಬಾದಾಮಿಯ ಬಂಡೆಗಲ್ಲುಗಳು ಬೇಸಿಗೆಯ ಹಗಲು ಹೀರಿದ ಕಾವನ್ನು ರಾತ್ರಿ ಹೊರಸೂಸುತ್ತವೆ. ಬಾಗಲಕೋಟೆಯ ನವನಗರದ ಕಾಂಕ್ರೀಟು ತಾರಸಿಗಳೂ ಹಾಗೆಯೇ. ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಕೂಸಿಗೆ ಟೋಪಿ, ಸ್ವೆಟರು, ಕೌದಿಗಳ ಹೊರೆ ಬೇಡ. ಒಂದೇ ಪದರದ ತೆಳು ಹತ್ತಿಯ ಅಂಗಿ ಸಾಕು. ಆರು ತಿಂಗಳವರೆಗೆ ನೀರೂ ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು.

ತೊಟ್ಟಿಲು, ಜೋಳಿಗೆ, ಹಾಸಿಗೆ

ಇಳಕಲ್ಲ ಮತ್ತು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಮಗ್ಗದ ಪಕ್ಕದ ತೊಲೆಗೆ, ಹುನಗುಂದದ ಎರೆಹೊಲಗಳಲ್ಲಿ ಬೇವಿನ ಟೊಂಗೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟುತ್ತಾರೆ. ಜೋಳಿಗೆಯ ತೂಗು ಕೂಸಿಗೆ ಹಿತವೇ ಸರಿ. ಆದರೆ ಬಟ್ಟೆ ಜೀರ್ಣವಾಗಿರಬಾರದು, ನೆಲದಿಂದ ಬಹಳ ಎತ್ತರವಿರಬಾರದು, ಮಗುವಿನ ಮುಖ ಸದಾ ಕಾಣುತ್ತಿರಬೇಕು. ಗದ್ದ ಎದೆಗೆ ಒತ್ತಿದರೆ ಎಳೆಗೂಸಿನ ಉಸಿರು ಕಟ್ಟುತ್ತದೆ. ನಿದ್ದೆ ಹತ್ತಿದ ಮೇಲೆ ಗಟ್ಟಿಯಾದ ಸಮ ಹಾಸಿಗೆಯ ಮೇಲೆ ಅಂಗಾತ ಮಲಗಿಸಿರಿ, ದಿಂಬು ಬೇಡ. ಮಗು ಹೊರಳಲು, ಏಳಲು ಕಲಿತೊಡನೆ ಜೋಳಿಗೆಯನ್ನು ಬಿಚ್ಚಿಬಿಡಬೇಕು. ದೊಡ್ಡ ಮಕ್ಕಳು ಅದರಲ್ಲಿ ಸುತ್ತಿ ಆಡುವಾಗ ಕೊರಳಿಗೆ ಸಿಕ್ಕಿಕೊಂಡ ದುರಂತಗಳು ನಡೆದಿವೆ.

ಕೈಮಗ್ಗದ ಒಂದೇ ಲಯದ ಸಪ್ಪಳಕ್ಕೆ ಕೂಸು ಹೊಂದಿಕೊಳ್ಳುತ್ತದೆ. ಲಾಳಿ ನಿಂತಾಗಲೇ ಎಚ್ಚರಗೊಳ್ಳುವ ಕೂಸುಗಳನ್ನು ನಾವು ಕಂಡಿದ್ದೇವೆ. ವಿದ್ಯುತ್ ಮಗ್ಗದ ಮಾತು ಬೇರೆ. ಆ ಗದ್ದಲ ಕಿವಿಗೆ ಕೆಟ್ಟದ್ದು, ನೂಲಿನ ಧೂಳು ಉಸಿರಿಗೆ ಕೆಟ್ಟದ್ದು. ಅಲ್ಲಿ ಮಗುವನ್ನು ಮಲಗಿಸಲೇಬಾರದು.

ನಾವು ಕಲಿತ ಪಾಠ

ಬಹಳ ವರ್ಷಗಳ ಹಿಂದೆ ನೇಕಾರ ಮನೆತನದ ಒಬ್ಬ ತಾಯಿ ನಾಲ್ಕು ತಿಂಗಳ ಕೂಸನ್ನು ಕರೆತಂದು, ಅದು ಹಗಲು ಮಲಗುವುದಿಲ್ಲ, ಕಂಡಿಕೆ ಸುತ್ತಲೂ ಬಿಡುವುದಿಲ್ಲ ಎಂದಳು. ಕೂಸು ಆರೋಗ್ಯವಾಗಿತ್ತು. "ಎಲ್ಲ ಕೂಸುಗಳೂ ಅಳುತ್ತವೆಯಮ್ಮ, ಸರಿಹೋಗುತ್ತದೆ" ಎಂದು ನಾವು ಕಳುಹಿಸಿಬಿಟ್ಟೆವು. ಹತ್ತು ದಿನಗಳಲ್ಲಿ ಅದೇ ಕೂಸನ್ನು ಅಜ್ಜಿ ಎತ್ತಿಕೊಂಡು ಓಡಿಬಂದಳು. ಚಿವುಟಿದರೂ ಕಣ್ಣು ತೆರೆಯುತ್ತಿರಲಿಲ್ಲ, ಉಸಿರು ನಿಧಾನವಾಗಿತ್ತು. "ಸೀರಿ ಸೋಮವಾರಕ್ಕ ಕೊಡಬೇಕಾಗಿತ್ರಿ. ಒಂದೀಟ ಮಲಗಲಿ ಅಂತ ನೆಗಡಿ ಔಷಧ ಚಮಚಾದಾಗ ಹಾಕೀನ್ರಿ" ಎಂದಳು. ಅದು ದೊಡ್ಡವರ ಔಷಧ. ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಎರಡು ದಿನಗಳ ಮೇಲೆ ಕೂಸು ಕಣ್ಣು ಬಿಟ್ಟು ಹಾಲು ಕುಡಿಯಿತು. ಅಜ್ಜಿಯನ್ನು ಎಲ್ಲರೂ ಬೈದರು. ನಮಗೆ ಬೈಯುವ ಬಾಯಿ ಇರಲಿಲ್ಲ. ಆ ತಾಯಿ ಮೊದಲ ಸಲ ಬಂದಾಗ, ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವವರು ಯಾರಿದ್ದಾರೆಂದು ನಾವು ಕೇಳಿರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ನಮ್ಮ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಅಫೀಮು ಬೆರೆತ ಬಾಲಗೋಲಿಯನ್ನು ಕೊಟ್ಟು ಕೂಸುಗಳನ್ನು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಇಂದು ಅಫೀಮಿನ ಜಾಗಕ್ಕೆ ನೆಗಡಿಯ ಸಿರಪ್ಪು ಬಂದಿದೆ. ಕ್ಲೋರ್ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಕೂಡಿದ ಇಂಥ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ನಮ್ಮ ವೈದ್ಯಪದ್ಧತಿಯ ಹೆಸರಿನಲ್ಲಿ ನಡೆಯುವುದನ್ನೂ ಹೇಳಬೇಕು: ನಿದ್ದೆಗಾಗಿ ಜಾಯಿಕಾಯಿ, ಗಸಗಸೆಗಳನ್ನು ತೇಯ್ದು ನೆಕ್ಕಿಸುವುದು ಅಪಾಯ. ಜೇನನ್ನು ವರ್ಷ ತುಂಬುವವರೆಗೆ ಕೊಡಬಾರದು.

ನಿದ್ದೆ ಹೆಚ್ಚಾದರೂ ಎಚ್ಚರ ಬೇಕು. ಮೊದಲ ವಾರಗಳಲ್ಲಿ ಕೂಸು ಮೂರು ಗಂಟೆಗೂ ಮಿಕ್ಕಿ ಮಲಗಿದರೆ ಅಂಗಾಲು ಸವರಿ ಮೆಲ್ಲನೆ ಎಬ್ಬಿಸಿ ಹಾಲೂಡಿಸಬೇಕು. ಎಬ್ಬಿಸಿದರೂ ಏಳದಿರುವುದು, ಹಾಲು ಬಿಡುವುದು, ಮೈ ಕಾಯುವುದು ಅಥವಾ ತಣ್ಣಗಾಗುವುದು, ಕಣ್ಣು ಮೈ ಹಳದಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಇಳಕಲ್ಲಿನ ಮಹಾಂತ ಅಪ್ಪಗಳು ಮನೆಮನೆಗೆ ಹೋಗಿ ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕೂಸಿಗೆ ಮತ್ತಿನ ಮದ್ದು ಹಾಕುವ ರೂಢಿಯನ್ನೂ ಆ ಜೋಳಿಗೆಗೇ ಹಾಕಿಬಿಡೋಣ. ಆದರೆ ಬಿಡಿ ಎಂದರಷ್ಟೇ ಸಾಲದು, ತಾಯಿಯ ಕೆಲಸ ಹಾಗೆಯೇ ಉಳಿದಿರುತ್ತದೆ. ಮುಂಜಾನೆಯ ಎಚ್ಚರದ ಒಂದು ಗಂಟೆ ಅಜ್ಜನ ತೊಡೆಯ ಮೇಲೆ ಕಳೆಯಲಿ, ಸಂಜೆಯ ಒಂದು ಗಂಟೆ ತಂದೆಯ ಹೆಗಲಿನ ಮೇಲೆ. ಮಗ್ಗದ ಕಾಯಕದಷ್ಟೇ ಕೂಸನ್ನು ಆಡಿಸುವುದೂ ಕಾಯಕ. ಗಂಡಸರು ಅದರಲ್ಲಿ ಪಾಲು ತೆಗೆದುಕೊಂಡರೆ ಅವರ ಘನತೆಗೆ ಕುಂದಿಲ್ಲ. ಹಗಲು ಮಲಗದ ಕೂಸನ್ನು ಎತ್ತಿಕೊಂಡು ತಾಯಂದಿರು ಬಂದಾಗ ನಾವು ಈಗ ಮೊದಲು ಕೇಳುವುದು ಔಷಧದ ಮಾತನ್ನಲ್ಲ. "ಮನ್ಯಾಗ ಯಾರ್ಯಾರದೀರಿ?" ಎಂದು ಕೇಳುತ್ತೇವೆ.