ಹನ್ನೊಂದು ಸಾಲಿನ ಅವಾಂತರ

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದದ್ದು ಹನ್ನೊಂದೇ ಸಾಲು. ಅಕ್ಷರಗಳ ಎಡಬದಿಗೆ ಸೊನ್ನೆಗಳನ್ನೋ ಖಾಲಿ ಸ್ಥಳವನ್ನೋ ತುಂಬಿ, ೭ ಎಂಬುದನ್ನು ೦೦೭ ಮಾಡುವುದು: ಅದರ ಕೆಲಸವೆಲ್ಲ ಇಷ್ಟೆ. ಅಜೆರ್ ಕೊಚುಲು ಎಂಬುವರು ಅದಕ್ಕೆ ‘ಲೆಫ್ಟ್-ಪ್ಯಾಡ್’ ಎಂದು ಹೆಸರಿಟ್ಟು ‘ಎನ್‌ಪಿಎಂ’ ಎಂಬ ತಂತ್ರಾಂಶ ಭಂಡಾರಕ್ಕೆ ಸಲ್ಲಿಸಿದ್ದರು.

ಈ ಭಂಡಾರದ ಪದ್ಧತಿ ಸೊಗಸಾದದ್ದು. ಒಬ್ಬನು ತನ್ನ ತಂತ್ರಾಂಶವನ್ನು ಕಟ್ಟು ಕಟ್ಟಿ, ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ನಮೂದಿಸಿ ಅಲ್ಲಿ ಪ್ರಕಟಿಸುತ್ತಾನೆ. ಬೇಕಾದವನು ಆ ಹೆಸರನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡರೆ ಸಾಕು, ಗಣಕಯಂತ್ರವೇ ತಂದುಕೊಡುತ್ತದೆ. ಆ ಕಟ್ಟು ನೆಚ್ಚಿದ ಬೇರೆ ಕಟ್ಟುಗಳೂ ಬೆನ್ನಹಿಂದೆಯೇ ಬರುತ್ತವೆ. ನೆರೆಮನೆಯಿಂದ ಹೆಪ್ಪು ತಂದಂತೆ, ಬೆಲೆಯ ಮಾತಿಲ್ಲ.

ಕೊಚುಲು ಅವರದೇ ಮತ್ತೊಂದು ಕಟ್ಟಿಗೆ ‘ಕಿಕ್’ ಎಂದು ಹೆಸರಿತ್ತು. ಅದೇ ಹೆಸರಿನ ಕೆನಡಾದ ಕಂಪನಿ ಆ ಹೆಸರನ್ನು ಬಿಟ್ಟುಕೊಡಿರೆಂದಿತು, ಅವರು ಒಪ್ಪಲಿಲ್ಲ. ಭಂಡಾರದವರು ಹೆಸರನ್ನು ಕಂಪನಿಗೇ ಕೊಟ್ಟರು. ನೊಂದ ಕರ್ತೃ ೨೦೧೬ರ ಮಾರ್ಚ್ ೨೨ರಂದು ತಮ್ಮ ೨೫೦ಕ್ಕೂ ಮಿಕ್ಕ ಕಟ್ಟುಗಳನ್ನು ಹಿಂತೆಗೆದುಕೊಂಡರು. ಲೆಫ್ಟ್-ಪ್ಯಾಡ್ ಸಹ ಹೋಯಿತು.

‘ಬೇಬಲ್’ನಂಥ ಪ್ರಸಿದ್ಧ ಸಾಧನವೂ ಆ ಪುಟ್ಟ ಕಟ್ಟನ್ನು ಪರೋಕ್ಷವಾಗಿ ನೆಚ್ಚಿತ್ತು. ಅದರ ಹೆಸರನ್ನೇ ಕೇಳದವರ ಕೆಲಸವೂ ದೇಶದೇಶಗಳಲ್ಲಿ ಸ್ಥಗಿತಗೊಂಡಿತು. ಸುಮಾರು ಎರಡೂವರೆ ಗಂಟೆಯ ಬಳಿಕ ಭಂಡಾರದವರು ಹಿಂತೆಗೆದ ಪ್ರತಿಯನ್ನು ತಾವೇ ಮರಳಿ ಇಟ್ಟರು. ಕೊಟ್ಟ ದಾನವನ್ನು ಹಿಂಪಡೆದದ್ದು ಸರಿಯಲ್ಲವೆಂದು ಹಲವರು ಕೊಚುಲು ಅವರನ್ನು ದೂರಿದರು. ಆದರೆ ದಾನಿಯ ಒಪ್ಪಿಗೆಯಿಲ್ಲದೆ ಹೆಸರನ್ನು ಕೈಬದಲಾಯಿಸಿದ್ದು ಯಾವ ನ್ಯಾಯವೋ!

ಪ್ರಕಟವಾಗಿ ೨೪ ಗಂಟೆ ಕಳೆದ ಕಟ್ಟನ್ನು ಕರ್ತೃ ತಾನಾಗಿ ಹಿಂತೆಗೆಯಲಾಗದೆಂಬ ನಿಯಮ ಅದೇ ತಿಂಗಳು ಬಂದಿತು. ೨೦೧೭ರಲ್ಲಿ, ಎಡಬದಿಗೆ ಸೊನ್ನೆ ತುಂಬುವ ಆ ಕೆಲಸ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಸೇರಿಕೊಂಡಿತು.